ದೇವರು ಕೈ ಹಿಡಿದಿದ್ದಾನೆ, ಇನ್ನೂ ಕೀಮೋ ಯಾಕೆ?

ಪ್ರಶ್ನೆ: ಅಕ್ಕಾ, ನನ್ನ ಅಮ್ಮನಿಗೆ ಸ್ತನ ಕ್ಯಾನ್ಸರ್. ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದು ಡಾಕ್ಟರ್ ಹೇಳಿದ್ದಾರೆ. ಕೆಂಪು ಔಷಧಿಯ ನಾಲ್ಕು ಸುತ್ತು ಮುಗಿದಿದೆ. ಇನ್ನು ಬೇರೆ ಔಷಧಿ ಶುರು ಮಾಡಬೇಕು. ಮೊನ್ನೆ ಡಾಕ್ಟರ್ ಪರೀಕ್ಷೆ ಮಾಡಿದಾಗ ಗಂಟು ಕೈಗೇ ಸಿಗಲಿಲ್ಲ. ಇದು ಪೂರ್ತಿ ಪ್ರಾರ್ಥನೆಯ ಫಲ ಅಂತ ಅಮ್ಮ ಹೇಳುತ್ತಾರೆ. 40 ದಿನ ಉಪವಾಸ ಮಾಡಿ ಪ್ರಾರ್ಥನೆ ಮಾಡ್ತೀನಿ, ಅದು ಮುಗಿಯೋವರೆಗೂ ಆಸ್ಪತ್ರೆ ಬೇಡ ಅಂತಿದ್ದಾರೆ. ದೊಡ್ಡಮ್ಮ ಬೇರೆ ದಿನಾ ಫೋನ್ ಮಾಡಿ, ‘ನಂಬಿಕೆ ಪೂರ್ತಿ ಇದ್ದರೆ ಔಷಧಿ ಯಾಕೆ ಬೇಕು?’ ಅಂತ ಕೇಳುತ್ತಾರೆ. ಅಣ್ಣ ‘ಇದೆಲ್ಲ ಮೂಢನಂಬಿಕೆ’ ಅಂತ ಕೂಗಾಡಿದ. ಅಮ್ಮ ಅವನ ಜೊತೆ ಮಾತು ಬಿಟ್ಟಿದ್ದಾರೆ. ನಾನೂ ದೇವರನ್ನು ನಂಬುವವಳೇ. ಆದರೂ ಭಯ ಆಗ್ತಿದೆ. ಅಮ್ಮನ ಮನಸ್ಸಿಗೆ ನೋವಾಗದ ಹಾಗೆ ಹೇಗೆ ಹೇಳಲಿ?

ಉತ್ತರ: ತಂಗಿ, ಮೊದಲು ಕೆಲಸದ ಮಾತು. ಡಾಕ್ಟರನ್ನು ಕೇಳದೆ ಮುಂದಿನ ಕೀಮೋ ತಾರೀಖನ್ನು ಮುಂದೆ ಹಾಕಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಕೂತು ಬಗೆಹರಿಸಿಕೊಳ್ಳಬಹುದು. ಇದೊಂದಕ್ಕೆ ಪುರುಸೊತ್ತಿಲ್ಲ.

ಈ ಅಂಕಣವನ್ನು ಹೊಸದಾಗಿ ಓದುವವರಿಗೂ ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ. ಕೀಮೋ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ದಿನಾ ಪ್ರಾರ್ಥನೆ ಮಾಡುವವಳು. ಹಾಗಾಗಿ ನಿಮ್ಮಮ್ಮನ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಗಂಟು ಕೈಗೆ ಸಿಗಲಿಲ್ಲ ಅಂತ ಡಾಕ್ಟರ್ ಹೇಳಿದ ಗಳಿಗೆಯಲ್ಲಿ ಮುಖ ಹೇಗೆ ಅರಳುತ್ತದೆ ಎಂದು ಎಷ್ಟೋ ಸಲ ಕಂಡಿದ್ದೇನೆ. ನಂಬುವವರ ಬಾಯಿಗೆ ಆಗ ಮೊದಲು ಬರುವುದು ದೇವರ ಹೆಸರೇ. ಬರಲಿ. ಅದನ್ನು ತಿದ್ದಲು ಹೋಗಬೇಡಿ.

ಆದರೆ ಗಂಟು ಕೈಗೆ ಸಿಗದಿರುವುದು ಬೇರೆ, ಕ್ಯಾನ್ಸರ್ ಪೂರ್ತಿ ಹೋಗಿರುವುದು ಬೇರೆ. ಕೈಗಾಗಲಿ ಸ್ಕ್ಯಾನಿಗಾಗಲಿ ಸಿಗದಷ್ಟು ಸಣ್ಣದಾಗಿ ಕ್ಯಾನ್ಸರ್ ಕೋಶಗಳು ಉಳಿದಿರಬಹುದು. ಪ್ರತಿ ಸುತ್ತಿನ ಕೀಮೋ ಇರುವುದರಲ್ಲಿ ಒಂದು ಪಾಲನ್ನು ಮಾತ್ರ ಕೊಲ್ಲುತ್ತದೆ. ಅದಕ್ಕೇ ಅಷ್ಟೊಂದು ಸುತ್ತು. ನಡುವೆ ಬಿಡುವು ಕೊಡುವುದು ಮೂಳೆಯೊಳಗಿನ ಮಜ್ಜೆ ಚೇತರಿಸಿಕೊಂಡು ಹೊಸ ರಕ್ತಕಣ ಮಾಡಿಕೊಳ್ಳಲಿ ಎಂದು. ಆ ಬಿಡುವನ್ನು ನಾವೇ ಉದ್ದ ಮಾಡಿದರೆ, ಉಳಿದ ಕ್ಯಾನ್ಸರ್ ಕೋಶಗಳಿಗೂ ಬೆಳೆಯಲು ಸಮಯ ಸಿಗುತ್ತದೆ.

ಒಂದು ವಿಷಯ ಅಮ್ಮನಿಗೆ ಹೇಳಿ ನೋಡಿ. ಆಪರೇಷನ್‌ಗೆ ಮೊದಲೇ ಕೀಮೋ ಕೊಡುವಾಗ ಎಷ್ಟೋ ಸಲ ಗಂಟಿನ ಜಾಗದಲ್ಲಿ ಒಂದು ಪುಟ್ಟ ಲೋಹದ ಕ್ಲಿಪ್ ಇಟ್ಟಿರುತ್ತಾರೆ. ಔಷಧಿಗೆ ಗಂಟು ಪೂರ್ತಿ ಕರಗಿಬಿಟ್ಟರೆ ಸರ್ಜನ್‌ಗೆ ಆ ಜಾಗ ಗೊತ್ತಾಗಬೇಕಲ್ಲ, ಅದಕ್ಕೆ. ಅಂದರೆ ಗಂಟು ಮಾಯವಾಗಬಹುದು ಎನ್ನುವುದು ಡಾಕ್ಟರ್‌ಗಳ ಲೆಕ್ಕದಲ್ಲಿ ಮೊದಲಿನಿಂದಲೂ ಇದ್ದ ಮಾತು. ಅವರು ಬಯಸಿದ್ದೂ ಅದನ್ನೇ. ಆದರೂ ಆ ಜಾಗವನ್ನು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆಯೇ ಏನಾದರೂ ಉಳಿದಿದೆಯಾ ಅಂತ ಹೇಳಲು ಸಾಧ್ಯ. ಮುಂದೆ ಯಾವ ಔಷಧಿ ಬೇಕು ಅಂತ ತೀರ್ಮಾನ ಮಾಡಲೂ ಆ ವರದಿ ಬೇಕು.

ಈಗ, ಹೇಗೆ ಹೇಳೋದು ಅನ್ನುವ ಪ್ರಶ್ನೆ. ಪ್ರಾರ್ಥನೆಯಿಂದಲೋ ಔಷಧಿಯಿಂದಲೋ ಎಂಬ ವಾದವನ್ನೇ ಎತ್ತಬೇಡಿ. ಆ ವಾದದಲ್ಲಿ ನೀವು ಗೆದ್ದರೆ ಅಮ್ಮ ಸೋಲಬೇಕಾಗುತ್ತದೆ. ಅವರಿಗೆ ಈಗ ಸೋಲಲು ಶಕ್ತಿಯಿಲ್ಲ. ‘ಅಮ್ಮಾ, ನಿನ್ನ ಪ್ರಾರ್ಥನೆ ಕೇಳಿದ ದೇವರು ಈ ನಾಲ್ಕು ಸುತ್ತನ್ನೂ ದಾಟಿಸಿದ್ದಾನೆ. ಉಳಿದದ್ದನ್ನೂ ದಾಟಿಸಲಿ ಅಂತ ಇಬ್ಬರೂ ಕೇಳಿಕೊಳ್ಳೋಣ’ ಎನ್ನಿ. ನೀವೂ ನಂಬುವವರು ಅಂತ ಬರೆದಿದ್ದೀರಿ. ಹಾಗಾಗಿ ಈ ಮಾತು ನಿಮ್ಮ ಬಾಯಲ್ಲಿ ನಾಟಕ ಆಗುವುದಿಲ್ಲ.

ನನಗೆ ಇನ್ನೊಂದು ಅನುಮಾನ ಇದೆ. ತಪ್ಪಾಗಿದ್ದರೆ ಬಿಟ್ಟುಬಿಡಿ. ಕೆಂಪು ಔಷಧಿಯ ನಾಲ್ಕು ಸುತ್ತು ಅಂದರೆ ಸುಲಭವಲ್ಲ. ಕೂದಲು ಹೋಗಿರುತ್ತದೆ. ಬಾಯಿ ಹುಣ್ಣಾಗಿರುತ್ತದೆ. ಏನು ತಿಂದರೂ ಲೋಹ ನೆಕ್ಕಿದ ಹಾಗೆ ರುಚಿ. ಇನ್ನು ಬರುವ ಔಷಧಿಯಲ್ಲಿ ಕೈಕಾಲು ಜುಮ್ಮೆನ್ನುತ್ತದಂತೆ, ಮೈಕೈ ನೋಯುತ್ತದಂತೆ ಅಂತ ವಾರ್ಡಿನಲ್ಲಿ ಯಾರೋ ಹೇಳಿರುತ್ತಾರೆ. ‘ನನಗೆ ಸಾಕಾಗಿದೆ, ಭಯ ಆಗ್ತಿದೆ’ ಅಂತ ಮಕ್ಕಳ ಮುಂದೆ ಹೇಳಲು ತಾಯಿಗೆ ಬಾಯಿ ಬರುವುದಿಲ್ಲ. ‘40 ದಿನ ಪ್ರಾರ್ಥನೆ ಮಾಡ್ತೀನಿ’ ಅಂತ ಹೇಳಲು ಬರುತ್ತದೆ. ಹಾಗಾಗಿ ದೇವರ ವಿಷಯ ಒಂದು ಕಡೆ ಇಟ್ಟು, ‘ಅಮ್ಮಾ, ಈ ನಾಲ್ಕರಲ್ಲಿ ನಿನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಯಾವುದು?’ ಅಂತ ಕೇಳಿ. ಕೇಳಿ ಸುಮ್ಮನೆ ಕೂತುಕೊಳ್ಳಿ. ವಾಂತಿ ಅಂದರೆ ವಾಂತಿ ಮಾತ್ರೆ ಬದಲಿಸಬಹುದು. ಬಾಯಿಹುಣ್ಣಿಗೆ ಮದ್ದಿದೆ. ಜುಮ್ಮೆನ್ನುವುದು ಜಾಸ್ತಿಯಾದರೆ ಡಾಕ್ಟರ್ ಔಷಧಿಯ ಪ್ರಮಾಣ ಕಡಿಮೆ ಮಾಡುವುದೂ ಉಂಟು. ಇದನ್ನೆಲ್ಲ ಅಮ್ಮ ಯಾರಿಗೂ ಹೇಳದೆ ನುಂಗಿಕೊಂಡಿರಬಹುದು.

ನುಂಗಿಕೊಳ್ಳುವುದು ಅಂದೆನಲ್ಲ, ವಾರ್ಡಿನ ಒಂದು ದಿನ ಹೇಳುತ್ತೇನೆ. ಆ ಕೆಂಪು ಔಷಧಿಯನ್ನು ಸಾಮಾನ್ಯವಾಗಿ ನರ್ಸ್ ಪಕ್ಕದಲ್ಲೇ ಕೂತು, ದೊಡ್ಡ ಸಿರಿಂಜಿನಿಂದ ನಿಧಾನವಾಗಿ ನರಕ್ಕೆ ಬಿಡುತ್ತಾರೆ. ಸ್ವಲ್ಪ ಬಿಡುವುದು, ರಕ್ತ ಸರಿಯಾಗಿ ವಾಪಸ್ ಬರುತ್ತಿದೆಯಾ ನೋಡುವುದು, ಮತ್ತೆ ಸ್ವಲ್ಪ ಬಿಡುವುದು. ಅದು ನರದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸುಟ್ಟ ಹಾಗೆ ಕೆಟ್ಟುಹೋಗುತ್ತದೆ. ಅದಕ್ಕೇ ‘ಉರಿ ಬಂದರೆ ತಕ್ಷಣ ಹೇಳಿ’ ಅಂತ ಪ್ರತಿ ಸಲವೂ ಹೇಳುತ್ತೇವೆ. ಒಬ್ಬ ತಾಯಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಇದ್ದಕ್ಕಿದ್ದ ಹಾಗೆ ಅವರ ಕಾಲಿನ ಬೆರಳುಗಳು ಮುದುಡಿಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು. ಮುಖದಲ್ಲಿ ಏನೂ ಇಲ್ಲ. ಕೈ ಮುಟ್ಟಿ ನೋಡಿದೆ. ಸೂಜಿಯ ಪಕ್ಕ ಆಗಷ್ಟೇ ಊದಲು ಶುರುವಾಗಿತ್ತು. ಕೂಡಲೇ ನಿಲ್ಲಿಸಿ, ಅದೇ ಸೂಜಿಯಿಂದ ಆದಷ್ಟನ್ನು ಹಿಂದಕ್ಕೆ ಎಳೆದು ಡಾಕ್ಟರನ್ನು ಕರೆದೆ. ಕೈ ಉಳಿಯಿತು. ‘ಉರೀತಿತ್ತಾ ಅಮ್ಮಾ?’ ಅಂತ ಕೇಳಿದರೆ, ‘ಉರೀತಿತ್ತು, ದೇವರು ಪರೀಕ್ಷೆ ಮಾಡ್ತಿದ್ದಾನೆ ಅಂದ್ಕೊಂಡು ತಡ್ಕೊಂಡೆ’ ಅಂದರು.

ಅವರ ನಂಬಿಕೆಯಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಆದರೆ ನೋವು ಸಹಿಸಿದರೆ ನಂಬಿಕೆ ಗಟ್ಟಿ, ನೋವು ಹೇಳಿದರೆ ನಂಬಿಕೆ ಸಡಿಲ ಅಂತ ಅವರ ತಲೆಗೆ ಯಾರೋ ತುಂಬಿದ್ದರು. ಅದು ನನಗೆ ಇವತ್ತಿಗೂ ಸಂಕಟ. ನಿಮ್ಮ ದೊಡ್ಡಮ್ಮನ ಮಾತೂ ಅದೇ ದಾರಿಯದ್ದು. ‘ನಂಬಿಕೆ ಪೂರ್ತಿ ಇದ್ದರೆ’ ಅಂದ ಕೂಡಲೇ ಕಾಯಿಲೆಯವರ ತಲೆಯ ಮೇಲೆ ಒಂದು ಹೊರೆ ಕೂರುತ್ತದೆ. ವಾಸಿಯಾದರೆ ಸರಿ. ಆಗದಿದ್ದರೆ ತಪ್ಪು ಯಾರದ್ದು? ಮಲಗಿದವರದ್ದೇ ಆಗಿಬಿಡುತ್ತದೆ. ಕ್ಯಾನ್ಸರ್ ಜೊತೆಗೆ ಆ ಅಪರಾಧದ ಭಾವವನ್ನೂ ಅವರೇ ಹೊರಬೇಕು. ದೊಡ್ಡಮ್ಮನಿಗೆ ನೀವೇ ಒಂದು ಫೋನ್ ಮಾಡಿ. ಜಗಳ ಬೇಡ. ‘ದೊಡ್ಡಮ್ಮಾ, ನೀವು ಪ್ರಾರ್ಥನೆ ಮಾಡ್ತಾ ಇರಿ. ನಮಗೆ ಅದು ಬೇಕು. ಔಷಧಿ ವಿಷಯ ಮಾತ್ರ ಅಮ್ಮನ ಹತ್ತಿರ ಎತ್ತಬೇಡಿ, ನನ್ನ ಹತ್ತಿರ ಹೇಳಿ’ ಅಂತ ಗಟ್ಟಿಯಾಗಿ ಹೇಳಿ. ಅಕ್ಕನ ಮಾತು ಅಂದರೆ ನಿಮ್ಮಮ್ಮನಿಗೆ ಭಾರ ಜಾಸ್ತಿ, ಅದಕ್ಕೇ ಇದನ್ನು ತಡ ಮಾಡಬೇಡಿ.

ಉಪವಾಸದ ಮಾತಿಗೆ ಬರೋಣ. ಕೀಮೋ ನಡೆಯುವಾಗ ಮೈಗೆ ನೀರು, ಆಹಾರ ಎರಡೂ ಬೇಕು. ವಾಂತಿ ತಡೆಯಲು, ಅಲರ್ಜಿ ತಡೆಯಲು ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನು ಹೊಟ್ಟೆಗೆ ಏನಾದರೂ ಹಾಕಿಕೊಂಡೇ ನುಂಗಬೇಕು. ಶುಗರ್ ಇದ್ದವರಿಗಂತೂ ಊಟ ಬಿಟ್ಟು ಇನ್ಸುಲಿನ್ ತೆಗೆದುಕೊಳ್ಳುವುದು ಅಪಾಯ. ನೀರೂ ಕುಡಿಯದ ಉಪವಾಸ ಕಿಡ್ನಿಗೆ ಕಷ್ಟ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕೊಡುವುದು ಧರ್ಮಗಳಲ್ಲೇ ಇದೆ. ಅಮ್ಮ ಗೌರವಿಸುವ ಧರ್ಮಗುರುಗಳು ಯಾರಾದರೂ ಇದ್ದರೆ ಅವರ ಬಾಯಿಂದಲೇ ಈ ಮಾತು ಹೇಳಿಸಿ. ನೀವು, ನಾನು ಹೇಳುವುದಕ್ಕಿಂತ ಅದು ಬೇಗ ನಾಟುತ್ತದೆ. 40 ದಿನ ಪ್ರಾರ್ಥನೆ ಆಗಲೇಬೇಕು ಅಂದರೆ ಆಗಲಿ, ಕೀಮೋ ಕುರ್ಚಿಯಲ್ಲಿ ಕೂತ ದಿನವೂ ಆ ಲೆಕ್ಕದಲ್ಲಿ ಸೇರಲಿ. ಊಟದ ಬದಲು ಅಮ್ಮ ಬೇರೆ ಏನನ್ನಾದರೂ ಬಿಡಬಹುದು. ಅಮ್ಮನ ಪರವಾಗಿ ಆರೋಗ್ಯವಾಗಿರುವ ನೀವು ಒಂದು ಹೊತ್ತು ಬಿಡಬಹುದು.

ಅಮ್ಮನ ಪ್ರಾರ್ಥನೆಯ ವಿಷಯವನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಬೈದುಬಿಡುತ್ತಾರೆ ಅಂತ ಎಷ್ಟೋ ಮನೆಯವರು ಹೇಳುವುದಿಲ್ಲ. ಮುಖ್ಯವಾದ ದಿನ ಒಂದಿದೆ, ಅವತ್ತು ಆಸ್ಪತ್ರೆಗೆ ಬರಲು ಮನಸ್ಸಿಲ್ಲ ಅಂತ ಹೇಳಿದರೆ, ಒಂದೆರಡು ದಿನ ಆಚೆ ಈಚೆ ಮಾಡಲು ಆಗುತ್ತದೋ ಇಲ್ಲವೋ ಅವರೇ ನೋಡಿ ಹೇಳುತ್ತಾರೆ. ಪ್ರಾರ್ಥನೆಯ ಜೊತೆಗೆ ಯಾರಾದರೂ ಬೇರು, ಪುಡಿ, ಕಷಾಯ ಕೊಟ್ಟಿದ್ದರೆ ಅದನ್ನಂತೂ ಹೇಳಲೇಬೇಕು. ಕೆಲವು ಗಿಡಮೂಲಿಕೆಗಳು ಕೀಮೋ ಔಷಧಿ ಮೈಯಲ್ಲಿ ಕೆಲಸ ಮಾಡುವ ರೀತಿಯನ್ನೇ ಬದಲಿಸಿಬಿಡುತ್ತವೆ.

ಅಣ್ಣನ ವಿಷಯ. ಅವನು ಕೂಗಾಡಿದ್ದು ಭಯಕ್ಕೆ, ನಿಮಗೂ ಅದು ಗೊತ್ತು. ವಾದ ಬಿಟ್ಟು ಕೀಮೋ ದಿನ ಅಮ್ಮನನ್ನು ಕರೆದುಕೊಂಡು ಹೋಗುವ ಕೆಲಸ ಅವನು ವಹಿಸಿಕೊಳ್ಳಲಿ. ಅಮ್ಮ ಪ್ರಾರ್ಥನೆ ಮಾಡುವಾಗ ಪಕ್ಕದಲ್ಲಿ ಕೂತಿರಲಿ. ಅವನು ಕಣ್ಣು ಮುಚ್ಚಬೇಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್. ನಮ್ಮಿಬ್ಬರಿಗೂ ದೇವರ ಮೇಲೆ ಭಕ್ತಿ. ಮದುವೆಯಾದಾಗಿನಿಂದ ಒಟ್ಟಿಗೆ ಪ್ರಾರ್ಥನೆ ಮಾಡಿಕೊಂಡು ಬಂದವರು. ಈಗ ಅವಳು ಮಾಡುತ್ತಾಳೆ, ನನಗೆ ಆಗುತ್ತಿಲ್ಲ. ಕೂತರೆ ಸಿಟ್ಟು ಬರುತ್ತದೆ. ಅವಳು ಒಂದೊಂದು ರಾತ್ರಿ ‘ನಾನೇನು ಪಾಪ ಮಾಡಿದ್ದೆ?’ ಅಂತ ಕೇಳುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ. ಅವಳ ಮುಂದೆ ಸುಮ್ನೆ ಕಣ್ಣು ಮುಚ್ಚಿ ಕೂರುತ್ತೇನೆ. ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಉತ್ತರ: ಅಣ್ಣಾ, ಅವರ ಪ್ರಶ್ನೆಗೆ ಉತ್ತರ ಇದೆ. ಅದನ್ನು ಮೊದಲು ಹೇಳುತ್ತೇನೆ. ನಮ್ಮ ಮೂಳೆಯೊಳಗೆ ದಿನವೂ ಕೋಟಿಗಟ್ಟಲೆ ರಕ್ತಕಣ ಹುಟ್ಟುತ್ತವೆ. ಪ್ರತಿ ಸಲ ಕೋಶ ಒಡೆದು ಎರಡಾಗುವಾಗ ಒಳಗಿರುವ ಡಿಎನ್ಎಯ ನಕಲು ಆಗಬೇಕು. ಆ ನಕಲಿನಲ್ಲಿ ಕೆಲವೊಮ್ಮೆ ತಪ್ಪಾಗುತ್ತದೆ. ಬಹಳಷ್ಟು ತಪ್ಪನ್ನು ದೇಹವೇ ಸರಿ ಮಾಡಿಕೊಳ್ಳುತ್ತದೆ. ಎಲ್ಲೋ ಒಂದು ಕೋಶದಲ್ಲಿ ಸರಿಯಾಗದ ತಪ್ಪುಗಳು ಸೇರಿಕೊಂಡು, ಅದು ಲಂಗುಲಗಾಮಿಲ್ಲದೆ ಬೆಳೆಯಲು ಶುರು ಮಾಡಿದರೆ ರಕ್ತದ ಕ್ಯಾನ್ಸರ್ ಆಗುತ್ತದೆ. ಹೆಚ್ಚಿನವರಲ್ಲಿ ಇಂಥದ್ದೇ ಕಾರಣ ಅಂತ ಬೆರಳು ಮಾಡಿ ತೋರಿಸಲು ಆಗುವುದೇ ಇಲ್ಲ. ರಕ್ತದ ಕ್ಯಾನ್ಸರ್ ಹಸುಗೂಸುಗಳಿಗೂ ಬರುತ್ತದೆ. ಆ ಮಕ್ಕಳು ಯಾವ ಪಾಪ ಮಾಡಿರುತ್ತಾರೆ? ನಿಮ್ಮ ಹೆಂಡತಿಗೆ ಇದನ್ನು ಕೈ ಹಿಡಿದುಕೊಂಡು ಹೇಳಿ. ರಾತ್ರಿ ಮತ್ತೆ ಕೇಳಿದರೆ ಮತ್ತೆ ಹೇಳಿ. ಅವರು ಕೇಳುತ್ತಿರುವುದು ಅವರ ತಪ್ಪೇನೂ ಇಲ್ಲ ಅಂತ ನಿಮ್ಮ ಬಾಯಿಂದ ಕೇಳಿಸಿಕೊಳ್ಳಲು.

ಇನ್ನು ನಿಮ್ಮ ಸಿಟ್ಟು. ದೇವರ ಜೊತೆ ಜಗಳವಾಡಿದ ಭಕ್ತರು ಎಲ್ಲ ಕಾಲದಲ್ಲೂ, ಎಲ್ಲ ಕಡೆಯೂ ಇದ್ದಾರೆ. ಸಂಬಂಧ ಇಲ್ಲದವರ ಮೇಲೆ ಇಷ್ಟು ಸಿಟ್ಟು ಬರುವುದಿಲ್ಲ. ಪ್ರಾರ್ಥನೆಗೆ ಕೂತಾಗ ಬೈಯಬೇಕು ಅನ್ನಿಸಿದರೆ ಬೈದುಬಿಡಿ. ಕೂರಲೇ ಆಗದಿದ್ದರೆ ಹೆಂಡತಿಗೆ ನಿಜ ಹೇಳಿ. ‘ನನಗೆ ಈಗ ಬಾಯಿಗೆ ಬರ್ತಿಲ್ಲ, ನೀನು ಮಾಡು, ನಾನು ಪಕ್ಕದಲ್ಲಿ ಇರ್ತೀನಿ’ ಅನ್ನಿ, ಸಾಕು. ಅವರಿಗೆ ಬೇಜಾರಾಗುತ್ತದೆ ಅಂತ ನೀವು ಹೆದರಿದ್ದೀರಿ. ನಾನು ಕಂಡ ಹಾಗೆ ಆಗುವುದು ಬೇರೆ. ಗಂಡ ತನ್ನ ಭಯ ಹೇಳಿಕೊಂಡ ದಿನ, ಹೆಂಡತಿಯೂ ಅಲ್ಲಿಯವರೆಗೆ ಮುಚ್ಚಿಟ್ಟದ್ದನ್ನು ಹೇಳಿಕೊಳ್ಳುತ್ತಾಳೆ.

ಒಂದು ಮಾತು ಗಮನಿಸಿ. ನಿದ್ದೆ ಪೂರ್ತಿ ಹೋಗಿದೆ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದನ್ನು ನಂಬಿಕೆಯ ಸಮಸ್ಯೆ ಅಂತ ತಿಳಿದು ಒಳಗೇ ಇಟ್ಟುಕೊಳ್ಳಬೇಡಿ. ಅದು ಖಿನ್ನತೆ ಇರಬಹುದು. ಚಿಕಿತ್ಸೆ ನಡೆಯುವ ಕಡೆಯೇ ಆಪ್ತಸಮಾಲೋಚಕರು ಇದ್ದಾರಾ ಅಂತ ಕೇಳಿ. ಕಾಯಿಲೆಯವರಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ ಅವರು ಬೇಕು.

ಪ್ರಶ್ನೆ: ಪ್ರಾರ್ಥನೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ ಎಂಬ ಸಂದೇಶ ನಮ್ಮ ಕುಟುಂಬದ ಗುಂಪಿನಲ್ಲಿ ಓಡಾಡುತ್ತಿದೆ. ನಿಜವೇ?

ಉತ್ತರ: ಇಲ್ಲ. ಹಾಗೆ ಯಾರೂ ಸಾಬೀತು ಮಾಡಿಲ್ಲ.

ಬೇರೆಯವರು ಮಾಡುವ ಪ್ರಾರ್ಥನೆಯ ಬಗ್ಗೆ ನಡೆದ ದೊಡ್ಡ ಅಧ್ಯಯನ ಹೃದಯದ ಬೈಪಾಸ್ ಆಪರೇಷನ್ ಆದವರ ಮೇಲೆ, ಅಮೆರಿಕದ ಆರು ಆಸ್ಪತ್ರೆಗಳಲ್ಲಿ ನಡೆಯಿತು. ಹರ್ಬರ್ಟ್ ಬೆನ್ಸನ್ ಮತ್ತು ಜೊತೆಯವರು 2006ರಲ್ಲಿ ಅದನ್ನು ಪ್ರಕಟಿಸಿದರು. 1,802 ಜನರನ್ನು ಮೂರು ಗುಂಪು ಮಾಡಿದ್ದರು. ಪ್ರಾರ್ಥನೆ ಇರಬಹುದು, ಇಲ್ಲದೆಯೂ ಇರಬಹುದು ಅಂತ ಎರಡು ಗುಂಪಿನವರಿಗೆ ಹೇಳಿದ್ದರು. ಅದರಲ್ಲಿ ಒಂದು ಗುಂಪಿಗಾಗಿ ಮಾತ್ರ ಪ್ರಾರ್ಥನೆ ನಡೆಯಿತು. ಆ ಗುಂಪಿನಲ್ಲಿ ಶೇ. 52 ಜನರಿಗೆ, ಇನ್ನೊಂದರಲ್ಲಿ ಶೇ. 51 ಜನರಿಗೆ ಆಪರೇಷನ್ ನಂತರ ತೊಂದರೆ ಕಾಣಿಸಿತು. ಅಂದರೆ ವ್ಯತ್ಯಾಸವೇ ಇಲ್ಲ. ಮೂರನೆಯ ಗುಂಪಿನವರಿಗೆ ‘ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ’ ಅಂತ ತಿಳಿಸಿದ್ದರು. ಅವರಲ್ಲಿ ತೊಂದರೆ ಆದವರು ಶೇ. 59. ಸ್ವಲ್ಪ ಜಾಸ್ತಿಯೇ.

ಇದನ್ನು ಓದಿ ನನ್ನ ಪ್ರಾರ್ಥನೆಯೇನೂ ನಿಂತಿಲ್ಲ. ನಾನು ಪ್ರಾರ್ಥನೆ ಮಾಡುವುದು ದೇವರಿಗೆ ಅಂಕ ಕೊಡಲು ಅಲ್ಲವಲ್ಲ.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಇನ್ನೊಂದು ಅಧ್ಯಯನ. ಕೆನ್ನೆತ್ ಪಾರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞರು ಆಸ್ಪತ್ರೆ ಸೇರಿದ್ದ ವಯಸ್ಸಾದವರನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಬರೆದರು. ‘ದೇವರು ನನ್ನ ಕೈಬಿಟ್ಟ’, ‘ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ’ ಎಂಬ ಕೊರಗಿನಲ್ಲಿದ್ದವರಲ್ಲಿ ಸಾವಿನ ಸಾಧ್ಯತೆ ಉಳಿದವರಿಗಿಂತ ಹೆಚ್ಚಿತ್ತು. ಕೊರಗೇ ಕೊಂದಿತು ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ ಮಲಗಿದವರ ಮುಂದೆ ‘ಇದು ದೇವರ ಶಿಕ್ಷೆ’ ಅಂತ ಆಡುವ ನಾಲಿಗೆಗಳಿಗೆ ಇದನ್ನು ಹೇಳಲೇಬೇಕು.

ಇನ್ನು ಚಿಕಿತ್ಸೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಲೆಕ್ಕ ಇದೆ. ಇದು ಪ್ರಾರ್ಥನೆಯ ಬಗ್ಗೆ ಅಲ್ಲ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದವರ ಬಗ್ಗೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅಂಥ 281 ಜನರನ್ನು, ಅವರಂಥದ್ದೇ ಕಾಯಿಲೆಗೆ ಆಸ್ಪತ್ರೆಯ ಚಿಕಿತ್ಸೆ ಪಡೆದ 560 ಜನರ ಜೊತೆ ಹೋಲಿಸಿದರು. ಬಿಟ್ಟವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ಐದು ಪಟ್ಟಿಗಿಂತ ಹೆಚ್ಚು. ಇವರೆಲ್ಲ ಕಾಯಿಲೆ ಬೇರೆ ಅಂಗಕ್ಕೆ ಹರಡಿರದವರು. ಅಂದರೆ ಬಹಳಷ್ಟು ಜನ ಉಳಿಯಬಹುದಾಗಿತ್ತು. ಗುಂಪಿನಲ್ಲಿ ಸಂದೇಶ ಹಾಕುವವರಿಗೆ ಇದನ್ನು ಕಳಿಸಿ.

ಪ್ರಶ್ನೆ: ಅಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಇನ್ನು ಕೀಮೋದಿಂದ ಪ್ರಯೋಜನವಿಲ್ಲ, ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆಗೆ ಹೋಗಿ ಎಂದು ಡಾಕ್ಟರ್ ಹೇಳಿದ್ದಾರೆ. ಅಮ್ಮ ಒಪ್ಪುತ್ತಿಲ್ಲ. ‘ಪವಾಡ ಆಗುತ್ತೆ. ಅಲ್ಲಿಗೆ ಹೋದರೆ ನಾವೇ ನಂಬಿಕೆ ಬಿಟ್ಟ ಹಾಗೆ’ ಎನ್ನುತ್ತಾರೆ. ಮಾರ್ಫಿನ್ ಮಾತ್ರೆ ಕೊಡಲೂ ಬಿಡುತ್ತಿಲ್ಲ. ಅಪ್ಪ ರಾತ್ರಿಯೆಲ್ಲ ನರಳುತ್ತಾರೆ. ಏನು ಮಾಡಲಿ?

ಉತ್ತರ: ಇವತ್ತೇ ಅಪ್ಪನ ನೋವಿನ ವಿಷಯ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ನಾಳೆಯವರೆಗೆ ಕಾಯಬೇಡಿ. ಮೇದೋಜೀರಕದ ನೋವು ಹೊಟ್ಟೆಯಿಂದ ಬೆನ್ನಿಗೆ ಇರಿದು ಹೋಗುವಂಥದ್ದು. ಮಲಗಿದರೆ ಇನ್ನೂ ಜಾಸ್ತಿ. ಮಾತ್ರೆಯಲ್ಲಿ ನಿಲ್ಲದಿದ್ದರೆ, ಅಲ್ಲಿನ ನರಗಳಿಗೇ ಇಂಜೆಕ್ಷನ್ ಕೊಟ್ಟು ನೋವು ತಡೆಯುವ ವಿಧಾನವೂ ಇದೆ.

ಮಾರ್ಫಿನ್ ಅಂದರೆ ಸಾವಿನ ಔಷಧಿ ಅಂತ ಬಹಳ ಜನ ತಿಳಿದಿದ್ದಾರೆ. ಡಾಕ್ಟರ್ ನೋವಿಗೆ ತಕ್ಕ ಹಾಗೆ ಅಳತೆ ಮಾಡಿ ಕೊಡುವ ಮಾರ್ಫಿನ್‌ನಿಂದ ಆಯಸ್ಸು ಕಡಿಮೆ ಆಗುವುದಿಲ್ಲ. ಮೊದಲ ಕೆಲವು ದಿನ ಮಂಪರು, ಸ್ವಲ್ಪ ವಾಕರಿಕೆ ಇರಬಹುದು. ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇದ್ದೇ ಇರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಮಾತ್ರೆ ಕೇಳಿ ಪಡೆಯಿರಿ. ನೋವು ಬಂದಾಗ ಕೊಡೋಣ ಅಂತ ಕಾಯುವುದು ಸರಿಯಲ್ಲ, ಗಂಟೆ ನೋಡಿಕೊಂಡು ಹೇಳಿದ ಹೊತ್ತಿಗೆ ಕೊಡಬೇಕು.

ನಿಮ್ಮಮ್ಮನಿಗೆ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳಿ. ಸಿಸಿಲಿ ಸೌಂಡರ್ಸ್ ಅಂತ, ಇಂಗ್ಲೆಂಡಿನವರು. ಮೊದಲು ನರ್ಸ್ ಆಗಿದ್ದರು, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಓದಿ ಡಾಕ್ಟರ್ ಆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಯ ದಿನಗಳಲ್ಲಿ ಇರುವ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆ, ಶುರು ಮಾಡಿದರು. ಇವತ್ತಿನ ಉಪಶಾಮಕ ಆರೈಕೆ ಬೆಳೆದು ಬಂದದ್ದು ಅಲ್ಲಿಂದ. ಅವರಿಗೆ ದೇವರಲ್ಲಿ ಆಳವಾದ ನಂಬಿಕೆ. ನೋವು ಅಂದರೆ ಮೈಯದ್ದಷ್ಟೇ ಅಲ್ಲ, ಮನಸ್ಸಿನದ್ದು, ಮನೆಯ ಚಿಂತೆಯದ್ದು, ಆತ್ಮದ್ದು, ಎಲ್ಲ ಸೇರಿ ಒಂದೇ ನೋವು ಅಂತ ಹೇಳಿದವರು. ಅದೇ ಸೌಂಡರ್ಸ್ ಮಾರ್ಫಿನ್ ಅನ್ನು ಹೊತ್ತು ಹೊತ್ತಿಗೆ ತಪ್ಪದೆ ಕೊಡಬೇಕು ಅಂತ ಹಟ ಹಿಡಿದರು. ನಂಬಿಕೆ ಮತ್ತು ಮಾರ್ಫಿನ್ ಒಬ್ಬರ ಕೈಯಲ್ಲೇ ಇದ್ದವು.

ಉಪಶಾಮಕ ಆರೈಕೆಗೆ ಹೋದರೆ ಬೇಗ ಹೋಗಿಬಿಡುತ್ತಾರೆ ಎಂಬ ಹೆದರಿಕೆಗೂ ಉತ್ತರ ಇದೆ. 2010ರಲ್ಲಿ ಜೆನ್ನಿಫರ್ ಟೆಮೆಲ್ ಎಂಬ ಡಾಕ್ಟರ್ ಮತ್ತು ಜೊತೆಯವರು, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಉಪಶಾಮಕ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದ ಇದ್ದರು. ಬದುಕಿದ್ದೂ ಹೆಚ್ಚೇ. ಅವರದ್ದು ಸುಮಾರು 11.6 ತಿಂಗಳು, ಉಳಿದವರದ್ದು 8.9. ನಿಮ್ಮಪ್ಪನ ಕಾಯಿಲೆ ಬೇರೆ, ಇದೇ ಲೆಕ್ಕ ಅವರಿಗೆ ಹೊಂದುತ್ತದೆ ಅಂತ ಹೇಳಲಾರೆ. ಆದರೆ ಆರೈಕೆಗೆ ಹೋಗುವುದು ಅಂದರೆ ಕೈಚೆಲ್ಲುವುದು ಅಂತ ಅಮ್ಮ ಅಂದುಕೊಂಡಿದ್ದರೆ ಅದು ಸರಿಯಲ್ಲ.

ಅಮ್ಮ ಪವಾಡಕ್ಕೆ ಕಾಯಲಿ. ಅವರಿಂದ ಅದನ್ನು ಕಿತ್ತುಕೊಳ್ಳಬೇಡಿ. ಇಷ್ಟು ವರ್ಷದ ಜೊತೆಗಾರನನ್ನು ಕಳೆದುಕೊಳ್ಳುವ ಮಾತನ್ನು ಒಂದೇ ದಿನದಲ್ಲಿ ಒಪ್ಪಿಕೊ ಅನ್ನುವುದು ದೊಡ್ಡ ಕ್ರೌರ್ಯ. ‘ಅಮ್ಮಾ, ಪವಾಡ ಆಗಬೇಕಾದರೆ ಅಪ್ಪ ನರಳುತ್ತಲೇ ಇರಬೇಕು ಅಂತ ದೇವರು ಕೇಳ್ತಾನಾ?’ ಅಂತ ಮಾತ್ರ ಕೇಳಿ. ನೋವು ಇಳಿದರೆ ಅಪ್ಪ ನಿದ್ದೆ ಮಾಡುತ್ತಾರೆ, ಎದ್ದಾಗ ಮಾತಾಡುತ್ತಾರೆ, ಅಮ್ಮನ ಜೊತೆ ಅವರೂ ಪ್ರಾರ್ಥನೆ ಮಾಡಬಹುದು. ನೋವಿನಲ್ಲಿ ನರಳುವವರಿಗೆ ಪ್ರಾರ್ಥನೆ ಎಲ್ಲಿ ಸಾಧ್ಯ?

ಇನ್ನೂ ಒಂದು ಕೆಲಸ. ಅಪ್ಪನನ್ನೇ ಕೇಳಿ. ನಿಮ್ಮ ಪತ್ರದಲ್ಲಿ ಅಮ್ಮ ಏನಂದರು, ಡಾಕ್ಟರ್ ಏನಂದರು ಎಲ್ಲ ಇದೆ. ಅಪ್ಪ ಏನು ಅಂದರು ಅಂತ ಒಂದು ಸಾಲೂ ಇಲ್ಲ.

ಪ್ರಶ್ನೆ: ತಂಗಿಗೆ ಕೀಮೋ ಆಗಿ ಹತ್ತು ದಿನ. ಅವಳಿಗೋಸ್ಕರ ಮನೆಯಲ್ಲಿ ಎಲ್ಲರೂ ಸೇರಿ ಪ್ರಾರ್ಥನೆ ಇಟ್ಟುಕೊಳ್ಳಬಹುದಾ?

ಉತ್ತರ: ಸ್ವಲ್ಪ ತಡೆಯಿರಿ. ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ಒಳಗೆ ಬಿಳಿ ರಕ್ತಕಣದ ಕೌಂಟ್ ತುಂಬಾ ಕೆಳಗೆ ಇಳಿದಿರುವುದು ಸಾಮಾನ್ಯ. ನಿಮ್ಮ ತಂಗಿ ಈಗ ಅದೇ ದಿನಗಳಲ್ಲಿ ಇದ್ದಾಳೆ. ಹತ್ತಾರು ಜನ ಒಂದು ಕೋಣೆಯಲ್ಲಿ ಸೇರಿ, ಅವರಲ್ಲಿ ಒಬ್ಬರಿಗೆ ಕೆಮ್ಮು ಇದ್ದರೂ ಅವಳಿಗೆ ಕಷ್ಟ. ಮುಂದಿನ ಕೀಮೋಗೆ ಒಂದೆರಡು ದಿನ ಮೊದಲು ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಕೌಂಟ್ ಸಾಮಾನ್ಯವಾಗಿ ಏರಿರುತ್ತದೆ. ರಕ್ತ ಪರೀಕ್ಷೆಯ ವರದಿ ನೋಡಿ ಡಾಕ್ಟರನ್ನೂ ಒಂದು ಮಾತು ಕೇಳಿ. ನೆಗಡಿ ಕೆಮ್ಮು ಇದ್ದವರು ಅವರವರ ಮನೆಯಿಂದಲೇ ಪ್ರಾರ್ಥನೆ ಮಾಡಲಿ. ಬಂದವರು ಕೈ ತೊಳೆದುಕೊಂಡು ಒಳಗೆ ಬರಲಿ. ತಲೆ ಮುಟ್ಟಿ ಹರಸುವುದು, ಅಪ್ಪಿಕೊಳ್ಳುವುದು ಬೇಡ. ಕುಡಿಯಲು ಅಂತ ಪವಿತ್ರ ನೀರು ತಂದರೆ ಕುದಿಸಿ ಆರಿಸಿದ ನೀರು ಆಗಿರಬೇಕು.

ತಂಗಿ ಸುಸ್ತಾಗಿದ್ದರೆ ಅವಳು ಕೂರಲೇಬೇಕು ಅಂತಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿರಲಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಂದರೆ ಯಾವ ಹೊತ್ತಾದರೂ ಸರಿ, ಪ್ರಾರ್ಥನೆ ಅರ್ಧದಲ್ಲಿದ್ದರೂ ಸರಿ, ಎದ್ದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲೇ ಜ್ವರದ ಮಾತ್ರೆ ಕೊಟ್ಟು ಬೆಳಗಿನವರೆಗೆ ನೋಡೋಣ ಅನ್ನಬೇಡಿ. ಉಳಿದವರು ಕೂತು ಪ್ರಾರ್ಥನೆ ಮುಗಿಸಲಿ.